ನರ್ತಕ ಕಾರಂತರು

ಕೋಟ ಶಿವರಾಮ ಕಾರಂತರೆಂದೊಡನೆ ನಮಗೆ ನೆನಪಾಗುವುದು ಅವರ ಕಾದಂಬರಿಗಳು. ‘ಮೂಕಜ್ಜಿಯ ಕನಸುಗಳು’ ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ದೊರೆತುದನ್ನು ಬಲ್ಲವರು ಹಲವರು. ಅವರು ಕಾಲಿಗೆ ಗೆಜ್ಜೆ ಕಟ್ಟಿ ಕುಣಿದವರೂ ಹೌದೆಂಬುದನ್ನು ಬಲ್ಲವರು ಕೆಲವರು. ಅವರ ಬರವಣಿಗೆಗೂ ಕುಣಿತಕ್ಕೂ ಮೂಲದಲ್ಲಿದ್ದ ಕಾಳಜಿ ಒಂದೇ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕಾರಂತರು 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಓದಿಗೆ ಶರಣು ಹೊಡೆದರು. ಮುಂದಿನ ಕೆಲವು ವರ್ಷ ಖಾದಿ ಪ್ರಚಾರ ಮತ್ತು ಸಮಾಜ ಸುಧಾರಣೆಯ ಕೆಲಸಗಳಲ್ಲಿ ಊರೂರು ತಿರುಗಿದರು. ಭಾಷಣ ತಟ್ಟದ ಕಡೆ ಬೇರೇನು ತಟ್ಟೀತು? ಈ ಪ್ರಶ್ನೆ ಅಂಥ ತಿರುಗಾಟದಲ್ಲಿ ಯಾರಿಗಾದರೂ ಏಳದಿರದು. ಕಾರಂತರು ನಾಟಕಕ್ಕೆ ಕೈಹಾಕಿದರು, ಬಳಿಕ ನೃತ್ಯಕ್ಕೆ. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣಕ್ಕೂ ಕಲೆಯನ್ನೇ ಬಳಸಿಕೊಂಡರು. 1936ರಲ್ಲಿ ಅವರು ಜಾತಿಯ ಕಟ್ಟನ್ನು ಮೀರಿ ಕೈಹಿಡಿದ ಲೀಲಾ ಅವರು, ಅವರದೇ ನಾಟಕ–ನೃತ್ಯಗಳ ಬಳಗದಲ್ಲಿದ್ದವರು.

1933ರ ‘ಚೋಮನ ದುಡಿ’ಯನ್ನು ಇಲ್ಲಿ ನೆನೆಯಬೇಕು. ತುಂಡು ಭೂಮಿಯನ್ನು ತಾನೇ ಉಳಬೇಕೆಂಬ ಆಸೆ ಹೊತ್ತ ಚೋಮನಿಗೆ ಧಣಿಗಳೆದುರು ಮಾತು ಹೊರಡದು. ಅವನ ಸಿಟ್ಟು, ಸಂಕಟ, ಸಂತೋಷ ಎಲ್ಲವೂ ದುಡಿಯ ಬಡಿತದಲ್ಲಿಯೇ ಹೊರಬರುತ್ತವೆ. ಮಾತು ಬಲ್ಲವರ ಸೊತ್ತಾದಾಗ ಮಾತಿಲ್ಲದವನಿಗೆ ಉಳಿಯುವುದು ಲಯವೊಂದೆ. ಈ ತಿಳಿವಳಿಕೆಯೇ ಮುಂದೆ ಅವರ ಯಕ್ಷಗಾನ ಪ್ರಯೋಗದಲ್ಲಿಯೂ ಕೆಲಸ ಮಾಡಿತೆಂದು ನನಗೆ ತೋರುತ್ತದೆ.

ನಮ್ಮ ಬಯಲಾಟದ ಕ್ರಮ ಎಲ್ಲರೂ ಬಲ್ಲದ್ದೆ. ಭಾಗವತರು ಪದ ಹೇಳುತ್ತಾರೆ. ಚೆಂಡೆ ಮದ್ದಳೆಗಳಿಗೆ ವೇಷಧಾರಿ ಕುಣಿಯುತ್ತಾನೆ. ಬಳಿಕ ಆ ಪದಕ್ಕೆ ಆಶುವಾಗಿ ಅರ್ಥ ಹೇಳುತ್ತಾನೆ. ಆಟ ರಾತ್ರಿಯಿಡೀ ಸಾಗುತ್ತದೆ. ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಈ ಮಾತುಗಾರಿಕೆಯನ್ನೇ ತೆಗೆದುಹಾಕಿದರು. ಆಟವನ್ನು ಎರಡು ಮೂರು ಗಂಟೆಗಳಿಗೆ ಇಳಿಸಿದರು. ಹಾಡಿಗೆ ಪಿಟೀಲು, ಸ್ಯಾಕ್ಸೋಫೋನುಗಳ ಜೊತೆ ಕೊಟ್ಟರು. ವೇಷಭೂಷಣಗಳಲ್ಲಿ ಮಾತ್ರ ಹೊಸ ಥಳಕನ್ನು ಒಪ್ಪದೆ ಹಳೆಯ ಕೇದಗೆ ಮುಂದಲೆ, ಮರದ ಆಭರಣಗಳ ಚೆಲುವನ್ನು ಎತ್ತಿಹಿಡಿದರು. ಇದೆಲ್ಲ ಪರಂಪರೆಯ ಅರಿವಿಲ್ಲದೆ ಮಾಡಿದ ಕೆಲಸವಲ್ಲ. ಅವರ ‘ಯಕ್ಷಗಾನ ಬಯಲಾಟ’ ಎಂಬ ಸಂಶೋಧನ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು.

ಆಕ್ಷೇಪಗಳೂ ಬಂದವು. ಅರ್ಥವಿಲ್ಲದ ಯಕ್ಷಗಾನ ಯಕ್ಷಗಾನವೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಕ್ಷರ ಕಲಿಯದ ರೈತನೂ ಧರ್ಮಾಧರ್ಮದ ವಾದವನ್ನು ಕೇಳಿ ತೂಗಿ ನೋಡಿದ್ದು ಆ ಅರ್ಥಗಾರಿಕೆಯಿಂದಲೇ. ಆದರೆ ಕನ್ನಡವನ್ನೇ ಅರಿಯದ ಪ್ರೇಕ್ಷಕನೂ ಅಭಿಮನ್ಯುವಿನ ಸಾವಿಗೆ ಮರುಗಬಲ್ಲನೆಂದರೆ ಅದು ಹೆಜ್ಜೆಯ, ಮುಖಭಾವದ ಬಲದಿಂದ. ಕಾರಂತರ ಬ್ಯಾಲೆಯಿಂದ ಬಯಲಾಟ ಸಾಯಲಿಲ್ಲ. ಉಡುಪಿಯಿಂದ ಬಡಗಲಿಗೆ ಬಡಗುತಿಟ್ಟು, ಕಾಪು–ಕಾರ್ಕಳಗಳತ್ತ ತೆಂಕುತಿಟ್ಟು, ಇಂದಿಗೂ ಮಳೆಗಾಲ ಕಳೆದೊಡನೆ ಗೆಜ್ಜೆ ಕಟ್ಟುತ್ತವೆ. ಬ್ಯಾಲೆ ಅದರ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆಯಿತು, ಅಷ್ಟೆ.

ಆ ಬಾಗಿಲಿಗೆ ಒಂದು ಮನೆಯೂ ಬೇಕಿತ್ತು. 1971ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ, ಪ್ರೊ. ಕು. ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ ಯಕ್ಷಗಾನ ಕೇಂದ್ರ ಸ್ಥಾಪನೆಯಾಯಿತು. ಕಾರಂತರ ಮಾರ್ಗದರ್ಶನ ಅದಕ್ಕೆ ದೊರೆಯಿತು. ಮಟಪಾಡಿ ವೀರಭದ್ರ ನಾಯಕರು, ಮದ್ದಳೆಯ ಹಿರಿಯಡಕ ಗೋಪಾಲ ರಾಯರು (1919–2020) ಮುಂತಾದ ಗುರುಗಳು ಅಲ್ಲಿ ಕಲಿಸಿದರು. ಮೇಳದ ಹಿಂದೆ ಅಲೆದು, ಕಂಡು ಕೇಳಿ ಕಲಿಯಬೇಕಾಗಿದ್ದ ವಿದ್ಯೆ ಹೀಗೆ ಪಾಠದ ಕ್ರಮಕ್ಕೆ ಬಂತು.

ಇದರ ಫಲವೇನೆಂಬುದಕ್ಕೆ ಬನ್ನಂಜೆ ಸಂಜೀವ ಸುವರ್ಣರ ಬಾಳೇ ಸಾಕ್ಷಿ. ಬಡತನದಿಂದ ಬೇಗನೆ ಶಾಲೆ ಬಿಟ್ಟ ಹುಡುಗ ಕಾರಂತರ ಬ್ಯಾಲೆಯ ನರ್ತಕನಾದರು, ಮುಂದೆ ಅದೇ ಕೇಂದ್ರದ ಗುರುಗಳಾದರು, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಗಳಿಗೂ ಹೆಜ್ಜೆ ಕಲಿಸಿದರು. ಪದವಿ ಪತ್ರ ಇಲ್ಲದವರಿಂದ ಪದವೀಧರರು ಕಲಿಯುವುದು! ಇದಕ್ಕಿಂತ ದೊಡ್ಡ ಸಮಾಜ ಸುಧಾರಣೆ ಯಾವ ಭಾಷಣದಿಂದ ಆದೀತು?

ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು. ಅವರ ಪುಸ್ತಕಗಳು ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಭದ್ರವಾಗಿವೆ. ಕುಣಿತವನ್ನು ಹಾಗೆ ಕಪಾಟಿನಲ್ಲಿ ಇಡಲಾಗದು. ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಬಂದರೆ ಮಾತ್ರ ಅದು ಉಳಿಯುತ್ತದೆ. ಸಭೆಯಲ್ಲಿ ಕುಳಿತು ಚಪ್ಪಾಳೆ ತಟ್ಟುವ ನಮ್ಮಲ್ಲಿ ಒಬ್ಬಿಬ್ಬರಾದರೂ ಎದ್ದು ತಾಳಕ್ಕೆ ಹೆಜ್ಜೆ ಹಾಕಲು ಕಲಿತರೆ ಆ ಹಿರಿಯರಿಗೆ ಸಲ್ಲಿಸುವ ಗೌರವ ಅದೇ ಆದೀತು.