‘ಎಲ್ಯಾಂಡ್’ ಪದದ ವಲಸೆ ಮತ್ತು ಕನ್ನಡದ ‘ಹುಲ್ಲೆ’

ಆಫ್ರಿಕದ ಎಲ್ಯಾಂಡ್ ತಾನೆಂದೂ ಮೆಟ್ಟದ ನೆಲದ ಹೆಸರನ್ನು ಹೊತ್ತಿದೆ. ಡಚ್ ಭಾಷೆಯಲ್ಲಿ ಈ ಪದಕ್ಕೆ ಉತ್ತರ ಯುರೋಪಿನ ಬೃಹತ್ ಜಿಂಕೆಯಾದ ‘ಎಲ್ಕ್’ ಎಂಬುದೇ ಮೂಲಾರ್ಥ. ಡಚ್ಚಿಗೂ ಅದು ಬಾಲ್ಟಿಕ್ ಮೂಲದಿಂದ ಜರ್ಮನ್ ಮೂಲಕ ಬಂದುದು. 1652ರಲ್ಲಿ ಗುಡ್‌ಹೋಪ್ ಭೂಶಿರದಲ್ಲಿ ನೆಲೆಯೂರಿದ ಡಚ್ಚರು ಅಲ್ಲಿ ಕಂಡ ಪ್ರಾಣಿಗೆ ತಮ್ಮ ಹಳೆಯ ಹೆಸರನ್ನೇ ಇತ್ತರು. ಐರೋಪ್ಯರು ‘ಕನ್ನಾ’ ಎಂದು ಬರೆದಿಟ್ಟ ಖೊಯಿಖೊಯಿ ಪದ ಹಿಂದೆ ಸರಿಯಿತು. ಪಲ್ಲಾಸ್ 1766ರಲ್ಲಿ ಕೊಟ್ಟ ‘ಓರಿಕ್ಸ್’ ಎಂಬ ಪ್ರಭೇದನಾಮವೂ ಗೊಂದಲವನ್ನು ಹೆಚ್ಚಿಸಿತು: ಇಂದು ಓರಿಕ್ಸ್ ಎಂಬುದು ಬೇರೊಂದು ಕುಲದ ಹೆಸರು.

ಇಲ್ಲಿ ನಡೆದಿರುವುದು ವಿಶೇಷಣವಿಲ್ಲದ ಪೂರ್ಣ ಅರ್ಥಾಂತರ. ಅದರ ಫಲವಾಗಿ ಡಚ್ಚರಿಗೇ ಒಂದು ಪದಕ್ಕೆ ಎರಡು ಪ್ರಾಣಿಗಳಾಗಿ, ಕೊನೆಗೆ ಆಫ್ರಿಕದ್ದನ್ನು ‘ಎಲಾಂಡ್‌ಆಂಟಿಲೋಪ’ ಎನ್ನಬೇಕಾಯಿತು. ಕನ್ನಡದ ‘ಕೊಂಡುಕುರಿ’ ಈ ತೊಡಕಿಗೆ ಸಿಕ್ಕಿಲ್ಲ. ಸಮಾಸದ ಉತ್ತರಪದವಾದ ‘ಕುರಿ’ ಪರಿಚಿತ ವರ್ಗವನ್ನು ಸೂಚಿಸಿದರೆ, ಪೂರ್ವಪದ ಅದನ್ನು ಕೂಡಲೇ ಊರ ಕುರಿಯಿಂದ ಬೇರ್ಪಡಿಸುತ್ತದೆ. ಇದೇ ಪ್ರಾಣಿಯ ಶಾಸ್ತ್ರೀಯ ನಾಮವಾದ ‘ಟೆಟ್ರಾಸೆರಸ್ ಕ್ವಾಡ್ರಿಕಾರ್ನಿಸ್’ ಮಾತ್ರ ಗ್ರೀಕಿನಲ್ಲೊಮ್ಮೆ, ಲ್ಯಾಟಿನ್ನಿನಲ್ಲೊಮ್ಮೆ ‘ನಾಲ್ಕು ಕೊಂಬಿನದು’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ!

ಕನ್ನಡದ ನಿಜವಾದ ತೊಡಕಿರುವುದು ‘ಜಿಂಕೆ’ಯಲ್ಲಿ. ನಾವಿರುವ ಮೈಸೂರಿನ ಚಾಮರಾಜಪುರಂ ಸುತ್ತಲಿನ ಮಾತಿನಲ್ಲಿ ಜಿಂಕೆ ಎಂದೊಡನೆ ನೆನಪಾಗುವುದು ಬಂಡೀಪುರದ ಚುಕ್ಕೆಜಿಂಕೆ. ರಾಣೆಬೆನ್ನೂರಿನ ಕಡೆ ಹೊಲಕ್ಕೆ ನುಗ್ಗುವ ಕೃಷ್ಣಮೃಗವೂ ಜಿಂಕೆಯೇ. ಮೊದಲನೆಯದರ ಗಂಡಿನ ಕವಲುಗೊಂಬು ಉದುರಿ ಮತ್ತೆ ಮೂಡುವಂಥದು; ಎರಡನೆಯದರ ಟೊಳ್ಳುಗೊಂಬು ಬದುಕಿನುದ್ದಕ್ಕೂ ನಿಲ್ಲುವಂಥದು. ಆಡುಮಾತಿಗೆ ಈ ಭೇದ ಬೇಕಿಲ್ಲ, ಪಾರಿಭಾಷಿಕ ಕೋಶಕ್ಕೆ ಬೇಕು. ‘ಎಲ್ಯಾಂಡ್ ಜಿಂಕೆ’ ಎಂದು ಬರೆದಾಗ ಡಚ್ಚರ ತಪ್ಪು ಗ್ರಹಿಕೆಯೇ ನಮ್ಮ ಉತ್ತರಪದದಲ್ಲಿ ಮರಳಿ ಬರುತ್ತದೆ.

ಆದುದರಿಂದ ‘ಎಲ್ಯಾಂಡ್ ಹುಲ್ಲೆ’ ಎಂಬ ರೂಪವನ್ನು ನಾವು ಸೂಚಿಸುತ್ತೇವೆ. ಹಳಗನ್ನಡದ ‘ಪುಲ್ಲೆ’ಯೇ ಪಕಾರ ಹಕಾರವಾಗಿ ‘ಹುಲ್ಲೆ’ ಆಗಿದೆ. ‘ಎರಳೆ’ಯೂ ಅರ್ಹ ಪದವೇ, ಆದರೆ ಇಂದಿನ ಬರಹದಲ್ಲಿ ಅದರ ಬಳಕೆ ಕ್ಷೀಣ. ಒಂದು ಆಕ್ಷೇಪವನ್ನು ಮಾತ್ರ ನಾವೇ ಎತ್ತಬೇಕು: ಕಾವ್ಯಭಾಷೆ ಹುಲ್ಲೆಯನ್ನು ಟೊಳ್ಳುಗೊಂಬಿನ ಮೃಗಗಳಿಗಷ್ಟೇ ಮೀಸಲಿಟ್ಟಿರಲಿಲ್ಲ. ಹಾಗಾಗಿ ನಮ್ಮ ಸೂಚನೆ ಹಳೆಯ ಅರ್ಥದ ಪುನರುದ್ಧಾರವಲ್ಲ, ಬೇಕೆಂದೇ ಮಾಡುವ ಅರ್ಥಸಂಕೋಚ. ಕೊಂಡುಕುರಿಗೆ ಈ ತಿದ್ದುಪಡಿ ಬೇಡ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ವನ್ಯಧಾಮವೂ ಆ ಹೆಸರಿನಿಂದಲೇ ಪರಿಚಿತವಾಗಿದೆ.