ಆಳವಿಲ್ಲದ ಕಡಲು, ಹಗುರಾದ ದೋಣಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರುಗಳು ಕಡಲಿನಿಂದ ಬಹುದೂರದ ಬಯಲುನಾಡಿನಲ್ಲಿವೆ. ಚಿಂಚೋಳಿಯ ಮುಲ್ಲಾಮಾರಿ ಕಾಗಿಣಾ ನದಿಗೆ ಕೂಡುವುದು. ಕಾಗಿಣೆಯು ಮಳಖೇಡವನ್ನು ದಾಟಿ ಭೀಮೆಯನ್ನು ಸೇರುವುದು. ಭೀಮೆ ಕೃಷ್ಣೆಯೊಡನೆ ಪೂರ್ವಸಮುದ್ರಕ್ಕೆ ಹೋಗುವಳು. ಇಲ್ಲಿನವರಿಗೆ ನೀರೆಂದರೆ ಹೊಳೆ, ಹಳ್ಳ ಮತ್ತು ಕೆರೆ. ಆದರೂ ಅವರ ಮನೆಯ ನೆಲಕ್ಕೆ ಹಾಸಿದ ಪರಸಿಕಲ್ಲು ಕಡಲಿನ ಕೊಡುಗೆಯೆಂದರೆ ಕೆಲವರಿಗೆ ಆಶ್ಚರ್ಯವಾದೀತು.

ಶಹಾಬಾದಿ ಕಲ್ಲೆಂದು ದೇಶದಲ್ಲೆಲ್ಲ ಹೆಸರಾದ ಈ ಸುಣ್ಣಕಲ್ಲು ಹಿಂದೊಮ್ಮೆ ಆಳವಿಲ್ಲದ ಸಮುದ್ರದ ತಳದಲ್ಲಿ ನಯವಾದ ಕೆಸರಾಗಿ ಪದರ ಪದರವಾಗಿ ಕುಳಿತುದು. ಆ ಪದರಗಳು ಸಮನಾಗಿರುವುದರಿಂದಲೇ ಕಲ್ಲು ಹಲಗೆಯಂತೆ ಸೀಳಿಕೊಂಡು ಬರುತ್ತದೆ. ಇದೆಲ್ಲ ನಡೆದುದು ೫೦ ಕೋಟಿ ವರ್ಷಗಳಿಗೂ ಬಹಳ ಹಿಂದೆ. ಆಗ ಭೂಮಿಯ ಮೇಲೆ ಮೀನೆಂಬ ಪ್ರಾಣಿಯೇ ಹುಟ್ಟಿರಲಿಲ್ಲ. ಶಹಾಬಾದಿನ ಕಡಲಿನಲ್ಲಿ ಗಾಳ ಹಾಕಿದ್ದರೆ ಏನೂ ಸಿಕ್ಕುತ್ತಿರಲಿಲ್ಲ!

ಇಂದು ರಜೆಯ ದಿನಗಳಲ್ಲಿ ಇದೇ ಊರುಗಳ ಕುಟುಂಬಗಳು ಕಾರವಾರ, ಗೋಕರ್ಣ, ಮುರುಡೇಶ್ವರ, ಉಡುಪಿಗಳ ಕಡೆಗೆ ಪ್ರವಾಸ ಹೊರಡುವುದುಂಟು. ಅಲ್ಲಿ ಅವರ ಕಣ್ಣಿಗೆ ಹೊಸದೊಂದು ದೋಣಿ ಬೀಳುತ್ತದೆ. ಅದು ಒಬ್ಬರೋ ಇಬ್ಬರೋ ಕುಳಿತು ನಡೆಸುವ, ಕಿರಿದಾದ, ಉದ್ದನೆಯ ಕಯಾಕ್. ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರಿನಲ್ಲಿ ಕಾಂಡ್ಲ ಗಿಡಗಳ ನಡುವೆ ಜನರು ಇದರಲ್ಲಿ ವಿಹರಿಸುತ್ತಾರೆ. ಇದರಲ್ಲಿ ಕುಳಿತು ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸವೂ ಬೆಳೆಯುತ್ತಿದೆ. ಹೊಳೆಯನ್ನು ಬಲ್ಲವನು ಈ ದೋಣಿಯನ್ನು ಬೇಗನೆ ಕಲಿತಾನು. ಆದರೆ ಕಡಲನ್ನು ಹೊಳೆಯೆಂದು ಭಾವಿಸಿದರೆ ಕೆಡುವನು. ಈ ಎರಡು ಮಾತುಗಳ ಹಿಂದಿರುವ ವಿಜ್ಞಾನವನ್ನು ಇಲ್ಲಿ ನೋಡೋಣ.

ತೊಗಲಿನ ದೋಣಿಗಳು

ಭೀಮೆ, ಕೃಷ್ಣೆ, ತುಂಗಭದ್ರೆಗಳ ದಡದ ಜನಕ್ಕೆ ಹರಿಗೋಲು ಪರಿಚಿತ. ಬಿದಿರಿನ ಬುಟ್ಟಿಗೆ ಹೊರಗಿನಿಂದ ತೊಗಲನ್ನು ಹೊದಿಸಿದರೆ ಅದೇ ದೋಣಿ. ಈಗ ತೊಗಲಿಗೆ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆಯೇ ಹೆಚ್ಚು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇಂಥ ಗುಂಡು ದೋಣಿಗಳನ್ನು ಕಂಡು, ಅವು ಬುಟ್ಟಿಯಂತಿದ್ದುದನ್ನೂ ಜನರನ್ನು ಹೊಳೆ ದಾಟಿಸುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ.

ಕಯಾಕ್ ಹುಟ್ಟಿದ್ದು ಭೂಮಿಯ ಇನ್ನೊಂದು ತುದಿಯಲ್ಲಿ. ಗ್ರೀನ್‌ಲೆಂಡ್, ಉತ್ತರ ಅಮೆರಿಕಗಳ ಹಿಮನಾಡಿನ ಇನ್ಯೂಟ್ ಜನರು ತೇಲಿಬಂದ ಮರದಿಂದಲೂ ತಿಮಿಂಗಿಲದ ಎಲುಬಿನಿಂದಲೂ ಹಂದರ ಕಟ್ಟಿ, ಅದಕ್ಕೆ ಸೀಲ್ ಎಂಬ ಕಡಲಪ್ರಾಣಿಯ ತೊಗಲನ್ನು ಬಿಗಿದು, ಬೇಟೆಗೆ ಈ ದೋಣಿಯನ್ನು ಮಾಡಿಕೊಂಡರು. ಹಂದರ ಮತ್ತು ತೊಗಲು, ಎರಡು ನಾಡುಗಳಲ್ಲಿಯೂ ಉಪಾಯ ಒಂದೇ. ಈಗಿನ ಕಯಾಕ್‌ಗಳು ಗಟ್ಟಿ ಪ್ಲಾಸ್ಟಿಕ್ಕಿನಿಂದ ಆದವು. ಮೀನು ಹಿಡಿಯುವವರು ಹೆಚ್ಚಾಗಿ ಬಳಸುವುದು, ಒಳಗೆ ಗಾಳಿ ತುಂಬಿದ ಮುಚ್ಚಿದ ಒಡಲಿನ ಮೇಲೆ ಕುಳಿತುಕೊಳ್ಳುವಂಥದನ್ನು. ಅದರ ಮೇಲೆ ಬಿದ್ದ ನೀರು ತೂತುಗಳ ಮೂಲಕ ತಾನೇ ಕೆಳಗಿಳಿದು ಹೋಗುತ್ತದೆ.

ಆಕಾರದಲ್ಲಿ ಮಾತ್ರ ಇವೆರಡೂ ಬೇರೆ. ಹರಿಗೋಲು ದುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಹುಟ್ಟನ್ನು ಒಂದೇ ಮಗ್ಗುಲಿಗೆ ಹಾಕಿದರೆ ಗಿರ್ರನೆ ತಿರುಗುವುದು. ಹೊಳೆಯನ್ನು ಓರೆಯಾಗಿ ದಾಟುವ ಕೆಲಸಕ್ಕೆ ಅದು ಸಾಕು. ಕಡಲಿನಲ್ಲಾದರೋ ಗಾಳಿಗೂ ನೀರಿನ ಸೆಳೆತಕ್ಕೂ ಎದುರಾಗಿ ಹೋಗಬೇಕಾಗುತ್ತದೆ. ಅಲ್ಲಿ ಉದ್ದನೆಯ ಒಡಲು ನೀರನ್ನು ಸೀಳಿಕೊಂಡು ನೇರವಾಗಿ ಸಾಗುವುದು. ಎರಡು ತುದಿಗೂ ಅಲಗುಳ್ಳ ಹುಟ್ಟನ್ನು ಎಡಕ್ಕೂ ಬಲಕ್ಕೂ ಸರದಿಯಂತೆ ಹಾಕಿದಾಗ ತಿರುಗುವ ಪ್ರವೃತ್ತಿಯೂ ಅಡಗುವುದು.

ಎಷ್ಟು ಮುಳುಗುತ್ತದೆ?

ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುವುದೆಂಬ ಆರ್ಕಿಮಿಡೀಸನ ತತ್ತ್ವವನ್ನು ಶಾಲೆಯಲ್ಲಿ ಓದಿದ್ದೇವೆ. ಅದನ್ನು ಇಲ್ಲಿ ಲೆಕ್ಕಕ್ಕೆ ಹಚ್ಚಿ ನೋಡಬಹುದು. ದೋಣಿ ೩೦ ಕಿಲೊಗ್ರಾಮ್, ಕುಳಿತವನು ೭೦, ಸಾಮಾನು ೧೦ ಎಂದಿಟ್ಟುಕೊಂಡರೆ ಒಟ್ಟು ೧೧೦ ಕಿಲೊಗ್ರಾಮ್ ಆಯಿತು. ಸಿಹಿನೀರಿನಲ್ಲಿ ಅದು ೧೧೦ ಲೀಟರು ನೀರನ್ನು ಸರಿಸಬೇಕು. ಉಪ್ಪುನೀರು ತುಸು ಭಾರವಾದುದರಿಂದ ಕಡಲಿನಲ್ಲಿ ಸುಮಾರು ೧೦೭ ಲೀಟರು ಸಾಕು. ೪ ಮೀಟರು ಉದ್ದ, ೭೫ ಸೆಂಟಿಮೀಟರು ಅಗಲದ, ತುದಿಗಳಲ್ಲಿ ಚೂಪಾದ ದೋಣಿ ನೀರಿನ ಮೇಲೆ ಆವರಿಸುವ ಜಾಗ ಸುಮಾರು ೨ ಚದರ ಮೀಟರು. ಹೀಗಾಗಿ ಅದು ಸರಾಸರಿ ಐದಾರು ಸೆಂಟಿಮೀಟರಿನಷ್ಟು, ಎಂದರೆ ನಾಲ್ಕು ಬೆರಳಗಲಕ್ಕಿಂತ ಕಡಿಮೆ, ಮುಳುಗುವುದು. ನಡುಭಾಗ ಇನ್ನಷ್ಟು ಕೆಳಗಿಳಿದರೂ ಮೊಳಕಾಲುದ್ದ ನೀರು ಅದಕ್ಕೆ ಧಾರಾಳವಾಯಿತು.

ಯಂತ್ರದ ದೋಣಿ ಮರಳಿಗೆ ತಾಗಿ ನಿಲ್ಲುವ ಜಾಗದಲ್ಲಿಯೂ ಕಯಾಕ್ ಸದ್ದಿಲ್ಲದೆ ಹೋಗಬಲ್ಲುದು. ಸದ್ದಿಲ್ಲದಿರುವುದು ಸಣ್ಣ ಸಂಗತಿಯಲ್ಲ. ಶಬ್ದವು ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಿಂದ ನೀರಿನಲ್ಲಿ ಹೋಗುತ್ತದೆ. ಮೀನು ಅದನ್ನು ಕಿವಿಯಿಂದಲೂ ಮೈಯ ಪಕ್ಕದ ಸ್ಪರ್ಶರೇಖೆಯಿಂದಲೂ ಅರಿಯುತ್ತದೆ. ದೋಣಿಯ ತಳಕ್ಕೆ ಹುಟ್ಟು ತಾಗಿದರೂ ಸಾಕು, ಹತ್ತಿರದ ಮೀನು ಚದುರಿಹೋಗುವುದು.

ಮೀನು ದಡಕ್ಕೇಕೆ ಬರುವುದು?

ಆಳವಾದ ಕಡಲಿನಲ್ಲಿಯೇ ಮೀನು ಹೆಚ್ಚೆಂದು ಬಯಲುನಾಡಿನವರು ತಿಳಿಯುವುದು ಸಹಜ. ವಾಸ್ತವವಾಗಿ, ಹೊಳೆ ಕಡಲನ್ನು ಸೇರುವ ಅಳಿವೆಗಳೂ ದಡದ ಆಳವಿಲ್ಲದ ನೀರೂ ಜೀವಿಗಳಿಂದ ತುಂಬಿರುವ ಜಾಗಗಳು. ಅಲ್ಲಿ ಬಿಸಿಲು ನೀರಿನ ತಳದವರೆಗೂ ಇಳಿಯಬಲ್ಲುದು. ಹೊಳೆ ಮೇಲಿನಿಂದ ಗೊಬ್ಬರದ ಸತ್ವಗಳನ್ನು ತರುತ್ತದೆ. ಬಿಸಿಲು ಮತ್ತು ಸತ್ವ ಕೂಡಿದರೆ ಕಣ್ಣಿಗೆ ಕಾಣದ ಸಸ್ಯಗಳು ಬೆಳೆಯುತ್ತವೆ. ಅವನ್ನು ಸಣ್ಣ ಪ್ರಾಣಿಗಳೂ, ಅವುಗಳನ್ನು ಮೀನುಗಳೂ ತಿನ್ನುತ್ತವೆ. ಕಾಂಡ್ಲ ಗಿಡಗಳ ಬೇರುಗಳು ಮರಿಗಳಿಗೆ ಕೋಟೆಯಂತೆ ಆಸರೆ ಕೊಡುತ್ತವೆ. ಕಡಲಿನಲ್ಲಿ ಹುಟ್ಟಿದ ಸಿಗಡಿಯ ಮರಿಗಳು ಉಬ್ಬರದೊಡನೆ ಅಳಿವೆಗೆ ಬಂದು, ಇಲ್ಲಿ ಬೆಳೆದು, ಮತ್ತೆ ಕಡಲಿಗೆ ಮರಳುವುವು. ಮರಳಿನ ತಳವನ್ನು ಮೆಚ್ಚುವ ಕಾಣೆ ಮೀನು, ಬೇರುಗಳ ಸಂದಿಯಲ್ಲಿ ಹೊಂಚುವ ಕೆಂಬೇರಿ, ಬಗೆಬಗೆಯ ಏಡಿಗಳು ಎಲ್ಲವೂ ಇಲ್ಲಿಯ ನಿವಾಸಿಗಳೇ.

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ ಇದಕ್ಕೆ ಒಳ್ಳೆಯ ನಿದರ್ಶನ. ಆ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಇಳಿತದ ಹೊತ್ತಿಗೆ ಹೊರಬೀಳುವ ಕೆಸರುದಿಬ್ಬಗಳಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸಿ ಬದುಕು ಸಾಗಿಸುವ ಕುಟುಂಬಗಳು ಅಲ್ಲಿ ಬಹಳ. ೨೦೨೪ರಲ್ಲಿ ಈ ಅಳಿವೆಯು ಜಗತ್ತಿನ ಮಹತ್ತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಯನ್ನು ಸೇರಿತು.

ಎರಡು ಕಡೆಗೆ ಹರಿಯುವ ನೀರು

ಕಾಗಿಣೆಯ ನೀರು ಹಗಲಿರುಳೂ ಒಂದೇ ದಿಕ್ಕಿಗೆ ಹರಿಯುವುದು. ಅಳಿವೆಯ ನೀರು ಹಾಗಲ್ಲ. ಚಂದ್ರ ಸೂರ್ಯರ ಆಕರ್ಷಣೆಯಿಂದ ಅದು ದಿನಕ್ಕೆ ಎರಡು ಬಾರಿ ಒಳನುಗ್ಗಿ ಎರಡು ಬಾರಿ ಹಿಂದೆ ಸರಿಯುವುದು. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು ೧೨ ಗಂಟೆ ೨೫ ನಿಮಿಷ. ಆದುದರಿಂದ ಇಂದು ಬೆಳಗ್ಗೆ ೬ ಗಂಟೆಗೆ ಬಂದ ಉಬ್ಬರ ನಾಳೆ ೬ ಗಂಟೆ ೫೦ ನಿಮಿಷದ ಸುಮಾರಿಗೆ ಬರುವುದು. ಚಂದ್ರ ಸೂರ್ಯರು ಒಂದೇ ಸಾಲಿನಲ್ಲಿ ಎಳೆಯುವ ಅಮಾವಾಸ್ಯೆ, ಹುಣ್ಣಿಮೆಗಳ ಹಿಂದುಮುಂದೆ ಏರಿಳಿತ ಹೆಚ್ಚು. ಅಷ್ಟಮಿಯ ಹೊತ್ತಿಗೆ ಕಡಿಮೆ. ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗವೇ ಇದಕ್ಕೆ ಮೊದಲ ಸೂಚನೆ ಕೊಡಬಲ್ಲುದು.

ಕಾರವಾರದ ಕಡೆ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಸುಮಾರು ಒಂದೂವರೆ ಮೀಟರು ಏರಿಳಿಯುವುದು. ಆದರೆ ಒಂದೇ ಸಮನಾಗಿ ಅಲ್ಲ. ನಾವಿಕರು ಒಂದು ಸ್ಥೂಲ ನಿಯಮವನ್ನು ಬಳಸುತ್ತಾರೆ. ಇಳಿತದ ಆರು ಗಂಟೆಗಳಲ್ಲಿ ಒಟ್ಟು ಇಳಿತದ ಹನ್ನೆರಡು ಪಾಲುಗಳಲ್ಲಿ ಕ್ರಮವಾಗಿ ೧, ೨, ೩, ೩, ೨, ೧ ಪಾಲು ಇಳಿಯುವುದು. ಮೊದಲ ಗಂಟೆಯಲ್ಲಿ ೧೨ ಸೆಂಟಿಮೀಟರು ಇಳಿದ ನೀರು ಮೂರನೆಯ ಗಂಟೆಯಲ್ಲಿ ೩೭ ಸೆಂಟಿಮೀಟರು ಇಳಿಯುವುದೆಂದಾಯಿತು. ಮೊದಲ ಗಂಟೆಯನ್ನು ಕಂಡು, 'ನೀರು ನಿಧಾನವಾಗಿದೆ' ಎಂದು ಗಾಳದ ದಾರ ನೋಡುತ್ತ ಕುಳಿತವನು, ಕಣ್ಣೆತ್ತುವಷ್ಟರಲ್ಲಿ ಕೆಸರಿನ ಮೇಲೆ ಸಿಕ್ಕಿಬಿದ್ದಿರುವನು. ಇಲ್ಲವೆ ಅಳಿವೆಯ ಬಾಯಿಯತ್ತ ತೇಲಿಹೋಗಿರುವನು.

ಅಳಿವೆಯ ಬಾಯಿ

ಅಪಾಯವಿರುವುದು ಅಲ್ಲಿಯೇ. ಸಾಧಾರಣ ಶಕ್ತಿಯವನು ಕಯಾಕನ್ನು ಗಂಟೆಗೆ ೫ ಕಿಲೊಮೀಟರು ವೇಗದಿಂದ ನಡೆಸಬಲ್ಲನು. ಎದುರಿನಿಂದ ನೀರು ಗಂಟೆಗೆ ೪ ಕಿಲೊಮೀಟರಿನಂತೆ ಬಂದರೆ ಅವನು ಮುಂದುವರಿಯುವುದು ಗಂಟೆಗೆ ಒಂದೇ ಕಿಲೊಮೀಟರು. ತುಸು ದಣಿದನೆಂದರೆ ಅದೂ ಇಲ್ಲ. ಇಳಿತದ ನಡುಗಾಲದಲ್ಲಿ ಕಿರಿದಾದ ಅಳಿವೆಯ ಬಾಯಿಯಲ್ಲಿ ಇಂಥ ಸೆಳೆತ ಅಪರೂಪವಲ್ಲ.

ಅದರ ಜೊತೆಗೆ ಅಲೆಗಳಿವೆ. ಅಲೆಯು ಆಳವಿಲ್ಲದೆಡೆಗೆ ಬಂದಾಗ ಅದರ ವೇಗ ತಗ್ಗಿ, ಹಿಂದಿನ ನೀರು ಒತ್ತರಿಸಿ, ಎತ್ತರ ಹೆಚ್ಚುವುದು. ಆ ಎತ್ತರವು ನೀರಿನ ಆಳದ ಮುಕ್ಕಾಲು ಪಾಲಿಗೆ ಸಮೀಪಿಸಿದಾಗ ಅಲೆ ಮುರಿದು ಬೀಳುತ್ತದೆ. ಅಳಿವೆಯ ಮುಂದೆ ಮರಳದಿಬ್ಬವಿದ್ದು, ಹೊರಡುವ ನೀರೂ ಒಳಬರುವ ಅಲೆಯೂ ಅಲ್ಲಿ ಡಿಕ್ಕಿ ಹೊಡೆದರೆ, ಅಲೆಗಳು ಗೋಡೆಯಂತೆ ನಿಲ್ಲುವುವು. ನುರಿತ ಬೆಸ್ತರೂ ಅಲ್ಲಿ ಸಮಯ ನೋಡಿಯೇ ದಾಟುತ್ತಾರೆ.

ಗಾಳಿಯ ಲೆಕ್ಕವೂ ಬೇಕು. ರಾತ್ರಿ ನೆಲ ಬೇಗ ತಣಿಯುವುದರಿಂದ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುವುದು. ಆಗ ನೀರು ಕನ್ನಡಿಯಂತಿದ್ದರೂ ದೋಣಿ ಮೆಲ್ಲಗೆ ಹೊರಕ್ಕೆ ಸರಿಯುತ್ತಿರುವುದು. ನಡುಹಗಲಾದ ಮೇಲೆ ಕಡಲಗಾಳಿ ಎದ್ದು ನೀರು ಕಲಕುವುದು. ಆದಕಾರಣ ಹೊಸಬನಿಗೆ ಕಡಲಿಗಿಂತ ಹಿನ್ನೀರೇ ಲೇಸು. ಉಬ್ಬರದೊಡನೆ ಒಳನಾಡಿನ ಕಡೆಗೆ ಹೋಗಿ, ಉಬ್ಬರ ತುಂಬಿ ನೀರು ನಿಂತ ಹೊತ್ತಿನಲ್ಲಿ ಗಾಳ ಹಾಕಿ, ಇಳಿತ ಬಿರುಸಾಗುವ ಮೊದಲೇ ಮರಳತಕ್ಕದ್ದು. ಇಳಿಯುವ ಜಾಗವೂ ಅಳಿವೆಯ ಬಾಯಿಯಿಂದ ದೂರವಾಗಿರಬೇಕು.

ಹೊರಡುವ ಮುನ್ನ

ದೋಣಿಯ ಅಭ್ಯಾಸವನ್ನು ಮೊದಲು ತಮ್ಮೂರಿನಲ್ಲಿಯೇ ಮಾಡಬೇಕೆಂಬವರು, ಶಹಾಬಾದ್ ವಾಡಿಗಳ ಸುತ್ತಿನ ಹಳೆಯ ಕಲ್ಲುಗಣಿಗಳಲ್ಲಿ ನಿಂತ ಮಳೆನೀರಿಗೆ ಇಳಿಯಕೂಡದು. ಅವುಗಳ ಅಂಚು ಗೋಡೆಯಂತೆ ನೆಟ್ಟಗಿರುವುದು. ದಡವೆಂಬುದೇ ಇಲ್ಲದ ಆ ಹೊಂಡಗಳಲ್ಲಿ ಬಿದ್ದವನು ಹತ್ತಿ ಬರುವುದು ಕಷ್ಟ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ಸುಂದರವಾದುದು. ಆದರೆ ಅದು ೨೦೧೧ರಲ್ಲಿ ಘೋಷಿತವಾದ ವನ್ಯಜೀವಿಧಾಮಕ್ಕೆ ಸೇರಿದುದರಿಂದ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಸ್ವಂತ ದೋಣಿ ಇಳಿಸುವುದಾಗಲಿ ಗಾಳ ಹಾಕುವುದಾಗಲಿ ಸಲ್ಲದು. ದಡ ಇಳಿಜಾರಾಗಿರುವ, ತಳ ಗೊತ್ತಿರುವ ಕೆರೆಯೇ ಕಲಿಯಲು ತಕ್ಕದು. ದೋಣಿ ಮಗುಚಿದಾಗ ಮತ್ತೆ ಹತ್ತುವುದನ್ನು ಅಲ್ಲಿ ಹತ್ತಾರು ಸಲ ಕಲಿತುಕೊಳ್ಳಬೇಕು.

ಈಜು ಬಂದರೂ ತೇಲುಅಂಗಿ ತೊಡಲೇಬೇಕು. ಮನುಷ್ಯನ ದೇಹ ಹೆಚ್ಚುಕಡಿಮೆ ನೀರಿನಷ್ಟೇ ತೂಕದ್ದು. ನೀರಿನಿಂದ ಹೊರಗಿಡಬೇಕಾದ ತಲೆಯ ಭಾರ ನಾಲ್ಕೈದು ಕಿಲೊಗ್ರಾಮ್ ಮಾತ್ರ. ಐದು ಕಿಲೊಗ್ರಾಮಿನಷ್ಟು ಎತ್ತುವ ಅಂಗಿಯೂ ದಣಿದವನ ಪ್ರಾಣ ಉಳಿಸುವುದು ಈ ಕಾರಣದಿಂದಲೇ. ಹುಟ್ಟನ್ನು ದೋಣಿಗೆ ಹಗ್ಗದಿಂದ ಕಟ್ಟಿಕೊಳ್ಳಬೇಕು. ದೋಣಿಯಲ್ಲಿ ಎದ್ದು ನಿಲ್ಲಬಾರದು, ಏಕೆಂದರೆ ಗುರುತ್ವಕೇಂದ್ರ ಮೇಲೇರಿದಷ್ಟೂ ಮಗುಚುವುದು ಸುಲಭ. ಲಂಗರನ್ನು ಮಗ್ಗುಲಿಗೆ ಕಟ್ಟದೆ ತುದಿಗೆ ಕಟ್ಟಬೇಕು. ಮಗ್ಗುಲಿಗೆ ಕಟ್ಟಿದರೆ ಹರಿಯುವ ನೀರು ದೋಣಿಗೆ ಅಡ್ಡಲಾಗಿ ಒತ್ತಿ ಅದನ್ನು ಬೋರಲು ಮಾಡುವುದು. ಒಬ್ಬರೇ ಹೋಗದಿರುವುದೂ ಮರಳುವ ಹೊತ್ತನ್ನು ದಡದವರಿಗೆ ಹೇಳಿ ಹೊರಡುವುದೂ ಮೇಲು.

ಕಾಲವನ್ನೂ ಅರಿಯಬೇಕು. ಬೇಸಿಗೆ ರಜೆಯ ಕೊನೆಗೆ, ಮುಂಗಾರು ಸಮೀಪಿಸಿದಂತೆ ಕಡಲು ಕೆರಳತೊಡಗುವುದು. ಜೂನ್ ೧ರಿಂದ ಜುಲೈ ೩೧ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಂತ್ರಚಾಲಿತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಹುಟ್ಟು ಹಾಕುವ ದೋಣಿಗೆ ಆ ನಿಷೇಧ ತಟ್ಟದಿದ್ದರೂ ವಿಹಾರಕ್ಕೆ ಅದು ಕಾಲವಲ್ಲ. ದಸರೆಯ ರಜೆಯಿಂದ ಬೇಸಿಗೆಯ ಮೊದಲ ಭಾಗದವರೆಗಿನ ದಿನಗಳು ವಾಸಿ.

ಕೊನೆಯದಾಗಿ ಮೀನಿನ ಮಾತು. ಅಳಿವೆಯು ಮೀನಿನ ತೊಟ್ಟಿಲು. ಅಲ್ಲಿ ಗಾಳಕ್ಕೆ ಬೀಳುವವುಗಳಲ್ಲಿ ಇನ್ನೂ ಒಮ್ಮೆಯೂ ಮೊಟ್ಟೆಯಿಡದ ಮರಿಗಳು ಅನೇಕ. ಇಂಥವನ್ನು ಒದ್ದೆ ಕೈಯಿಂದ ಹಿಡಿದು, ಮೈಯ ಲೋಳೆ ಕೆಡದಂತೆ ಗಾಳ ಬಿಡಿಸಿ, ನೀರಿಗೆ ಬಿಡುವುದು ಧರ್ಮವೂ ಹೌದು, ವಿವೇಕವೂ ಹೌದು. ಬೆಸ್ತರು ಕಟ್ಟಿದ ಬಲೆಗಳ ಮೇಲೆ ದೋಣಿ ಹಾಯಿಸಬಾರದು. ಬಳಚು ಆರಿಸುವವರ ದಿಬ್ಬಗಳನ್ನು ತುಳಿಯಬಾರದು. ರಜೆಗೆ ಬಂದವನಿಗೆ ಅದು ಆಟ. ಅವರಿಗೆ ಅದೇ ಅನ್ನ. ನೀರಿಗಿಳಿಯುವ ಮುಂಚೆ ಅವರನ್ನೇ ಕೇಳಿದರೆ ಉಬ್ಬರದ ಹೊತ್ತು, ಸೆಳೆತದ ಜಾಗ, ಮುಳುಗಿದ ಬಂಡೆ ಎಲ್ಲವನ್ನೂ ಹೇಳುವರು. ಯಾವ ಪುಸ್ತಕವೂ ಆ ಒಂದು ಅಳಿವೆಯನ್ನು ಅವರಷ್ಟು ಬಲ್ಲುದಲ್ಲ.

ಆಳವಿಲ್ಲದ ನೀರು ಅಲ್ಪವಾದ ನೀರಲ್ಲ. ನಮ್ಮ ಕಾಲ ಕೆಳಗಿನ ಪರಸಿಕಲ್ಲನ್ನು ಹಾಸಿದ್ದು ಅಂಥ ನೀರೇ. ಇಂದು ಕರಾವಳಿಯ ಸಾವಿರಾರು ಮನೆಗಳ ಒಲೆ ಉರಿಸುತ್ತಿರುವುದೂ ಅದೇ. ಅದರ ಏರಿಳಿತದ ಗಡಿಯಾರವನ್ನು ಓದಲು ಕಲಿತು, ಹಗುರಾದ ದೋಣಿಯಲ್ಲಿ ಹದವರಿತು ಹೋಗಿ ಬರುವವನಿಗೆ ಮೀನು ಸಿಗಲಿ ಸಿಗದಿರಲಿ, ರಜೆಯ ಒಂದು ಮುಂಜಾವು ವ್ಯರ್ಥವಾಗಲಾರದು.