ಕಾರ್ ರೇಸ್ ಚಿತ್ರೀಕರಣ: ಕ್ಯಾಮೆರಾ ಅಸಿಸ್ಟೆಂಟ್ ಕಣ್ಣು ಯಾವ ಕಡೆ ಇರಬೇಕು?

ಗಂಟೆಗೆ 200 ಕಿ.ಮೀ. ವೇಗದ ರೇಸ್ ಕಾರು ಒಂದೇ ಸೆಕೆಂಡಿನಲ್ಲಿ ಸುಮಾರು 55 ಮೀಟರ್ ದಾಟುತ್ತದೆ. ಅದನ್ನು ಸೆರೆಹಿಡಿಯುವ ಕ್ಯಾಮೆರಾಮನ್‌ಗೆ ವ್ಯೂಫೈಂಡರ್‌ನಲ್ಲಿ ಕಾಣುವಷ್ಟೇ ಪ್ರಪಂಚ. ಪಕ್ಕದಿಂದ, ಹಿಂದಿನಿಂದ ಏನು ಬರುತ್ತಿದೆ ಎಂದು ನೋಡಬೇಕಾದವರು ಅವರ ಅಸಿಸ್ಟೆಂಟ್. ಬ್ಯಾಗ್ ಹೊರುವುದು, ಬ್ಯಾಟರಿ ಕೊಡುವುದು ಇದ್ದೇ ಇದೆ. ಆದರೆ ರೇಸ್ ಟ್ರ್ಯಾಕ್‌ನಲ್ಲಿ ಅಸಿಸ್ಟೆಂಟ್‌ನ ಮೊದಲ ಕೆಲಸ ಕಾವಲು.

ಅಪಾಯ ಎಷ್ಟು ಹತ್ತಿರದಲ್ಲಿರುತ್ತದೆ ಎಂಬುದಕ್ಕೆ 2013ರ ಜರ್ಮನ್ ಗ್ರ್ಯಾನ್ ಪ್ರೀ ಸಾಕ್ಷಿ. ಅಂದು ನ್ಯೂರ್ಬರ್ಗ್‌ರಿಂಗ್‌ನಲ್ಲಿ ಮಾರ್ಕ್ ವೆಬ್ಬರ್ ಕಾರು ಟೈರ್ ಬದಲಿಸಿಕೊಂಡು ಹೊರಟಾಗ ಸರಿಯಾಗಿ ಕೂರದ ಚಕ್ರವೊಂದು ಕಳಚಿ ಪಿಟ್ ಲೇನ್‌ನಲ್ಲಿ ಉರುಳಿತು. ಅಲ್ಲಿದ್ದ ಕ್ಯಾಮೆರಾಮನ್‌ಗೆ ಬಡಿದು ಕೊರಳೆಲುಬು, ಪಕ್ಕೆಲುಬು ಮುರಿದವು. ಇದಾದ ಮೇಲೆ ಫಾರ್ಮುಲಾ 1ರಲ್ಲಿ ರೇಸ್ ವೇಳೆ ಮಾಧ್ಯಮದವರು ಪಿಟ್ ಲೇನ್‌ಗೆ ಇಳಿಯುವುದನ್ನು ನಿರ್ಬಂಧಿಸಲಾಯಿತು. ಪಿಟ್ ಲೇನ್ ವೇಗದ ಮಿತಿಯೂ 100ರಿಂದ 80 ಕಿ.ಮೀ.ಗೆ ಇಳಿಯಿತು.

ಟ್ರ್ಯಾಕ್‌ಗೆ ಇಳಿಯುವ ಮುನ್ನ

ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನ ಉದ್ದ ಸುಮಾರು 3.7 ಕಿ.ಮೀ. ಅಷ್ಟು ದೂರದಲ್ಲಿ ಎಲ್ಲೆಂದರಲ್ಲಿ ಟ್ರೈಪಾಡ್ ಹೂಡುವಂತಿಲ್ಲ. ತಡೆಗೋಡೆಯ ಹಿಂದೆ, ಆಯೋಜಕರು ಗುರುತಿಸಿದ ಜಾಗದಲ್ಲೇ ನಿಲ್ಲಬೇಕು. ತಿರುವಿನ ಹೊರಬದಿ ಹೆಚ್ಚು ಅಪಾಯಕಾರಿ, ಹಿಡಿತ ತಪ್ಪಿದ ಕಾರು ಸಾಮಾನ್ಯವಾಗಿ ಬರುವುದು ಆ ಕಡೆಗೇ. ಜಾಗ ಸಿಕ್ಕ ಕೂಡಲೇ ಅಸಿಸ್ಟೆಂಟ್ ನೋಡಬೇಕಾದದ್ದು ಒಂದನ್ನು: ಓಡಬೇಕಾಗಿ ಬಂದರೆ ಯಾವ ದಾರಿ? ಆ ದಾರಿಯಲ್ಲಿ ಕೇಬಲ್, ಬ್ಯಾಗ್, ಟ್ರೈಪಾಡ್ ಇರಕೂಡದು. ಕಾಲಿಗೆ ಶೂ, ಕಿವಿಗೆ ಇಯರ್ ಪ್ಲಗ್ ಬೇಕು. ಬ್ಯಾಟರಿಗಳನ್ನು ನೆರಳಿನಲ್ಲಿಡಿ.

ರೇಸ್ ನಡೆಯುವಾಗ

ಸೆಕೆಂಡಿಗೆ 25 ಫ್ರೇಮ್ ವಿಡಿಯೊಗೆ ಸಾಮಾನ್ಯವಾಗಿ ಶಟರ್ ವೇಗ ಸೆಕೆಂಡಿನ 50ನೇ ಒಂದು ಭಾಗ. ಅಷ್ಟರಲ್ಲೇ ಕಾರು ಒಂದು ಮೀಟರ್‌ಗೂ ಹೆಚ್ಚು ಮುಂದೆ ಹೋಗಿರುತ್ತದೆ. ಕ್ಯಾಮೆರಾ ಅಲುಗಾಡದಿದ್ದರೆ ಕಾರು ಮಸುಕಾಗುತ್ತದೆ. ಕಾರಿನ ಜತೆಗೇ ತಿರುಗಿಸಿದರೆ ಕಾರು ಸ್ಪಷ್ಟ, ಹಿನ್ನೆಲೆ ಮಾತ್ರ ಮಸುಕು. ಇದೇ ಪ್ಯಾನ್ ಶಾಟ್. ಹೀಗೆ ತಿರುಗುವಾಗ ಕ್ಯಾಮೆರಾಮನ್ ಅರಿವಿಲ್ಲದೆ ಹಿಂದಕ್ಕೆ ಹೆಜ್ಜೆ ಇಡುವುದುಂಟು. ಆಗ ಅಸಿಸ್ಟೆಂಟ್ ಅವರ ಬೆನ್ನಿಗೆ ಕೈಯಿಟ್ಟು ನಿಲ್ಲುತ್ತಾರೆ. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸದು. ಹೀಗಾಗಿ ಒಮ್ಮೆ ತಟ್ಟಿದರೆ 'ಕಾರು ಬರುತ್ತಿದೆ', ಅಂಗಿ ಹಿಡಿದೆಳೆದರೆ 'ಓಡಿ' ಎಂದು ಮೊದಲೇ ಮಾತಾಡಿಕೊಂಡಿರಬೇಕು.

ಟ್ರ್ಯಾಕ್‌ಗೆ ಎಂದೂ ಬೆನ್ನು ಹಾಕಬೇಡಿ. ಮಾರ್ಷಲ್‌ಗಳ ಬಾವುಟದ ಮೇಲೂ ಕಣ್ಣಿರಲಿ. ಹಳದಿ ಎಂದರೆ ಮುಂದೆ ಅಪಾಯವಿದೆ, ಕೆಂಪು ಎಂದರೆ ರೇಸ್ ನಿಂತಿದೆ ಎಂದರ್ಥ. ಅಪಘಾತವಾದರೆ ದೃಶ್ಯಕ್ಕಾಗಿ ತಡೆಗೋಡೆ ಹಾರಬೇಡಿ. ಹಿಂದೆ ಬರುವ ಕಾರುಗಳು ಇನ್ನೂ ನಿಂತಿರುವುದಿಲ್ಲ.

ಬಾವುಟ ಬಿದ್ದ ಮೇಲೆ

ರೇಸ್‌ಗೆ ರೀಟೇಕ್ ಇಲ್ಲ. ತುಂಬಿದ ಕಾರ್ಡ್‌ಗೆ ಕೆಂಪು ಟೇಪ್ ಅಂಟಿಸಿ ಬೇರೆ ಜೇಬಿನಲ್ಲಿಡಿ. ಎರಡು ಹಾರ್ಡ್ ಡಿಸ್ಕ್‌ಗಳಿಗೆ ಕಾಪಿ ಮಾಡಿ, ತೆರೆದು ನೋಡುವವರೆಗೂ ಫಾರ್ಮ್ಯಾಟ್ ಮಾಡಬೇಡಿ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಒಂದು ಕಿವಿಮಾತು: ರೇಸ್ ನೋಡುವ ಆಸೆ ಇದ್ದರೆ ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕೂರಿ. ಅಸಿಸ್ಟೆಂಟ್ ಆದ ದಿನ ಯಾರು ಗೆದ್ದರೆಂದು ನಿಮಗೆ ತಿಳಿಯುವುದು ಬಹುತೇಕ ಸಂಜೆ, ಕಾರ್ಡ್ ಕಾಪಿ ಮಾಡುವಾಗಲೇ!